ಮಾವನ ಕುರ್ಚಿಯ ಕಾಲು ಕುಯ್ದವಳು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಆದರೆ ಪೂರ್ತಿ ಕೇಳಿಸಿಕೊಂಡು ಆಮೇಲೆ ಬೈಯಿರಿ.

ನನ್ನ ಹೆಸರು ಶಾಲಿನಿ. ಮಂಡ್ಯದಲ್ಲಿ ಒಂದು ಸಣ್ಣ ಇಂಟೀರಿಯರ್ ಆಫೀಸು ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಇಂಟೀರಿಯರ್ ಅಂದರೆ ಸೀಲಿಂಗಿಗೆ ಪಿಓಪಿ, ಅದರೊಳಗೆ ನೇರಳೆ ಬಣ್ಣದ ಎಲ್‌ಇಡಿ, ಟಿವಿ ಹಿಂದೆ ಫಳಫಳ ಹೊಳೆಯುವ ಲ್ಯಾಮಿನೇಟು, ಅದರ ಎದುರಿಗೆ ರಾಜರ ಕಾಲದ ಸಿಂಹಾಸನದಂಥ ಸೋಫಾ. ಮೂರು ವರ್ಷ ಅದನ್ನೇ ಮಾಡಿ ಮಾಡಿ ನನಗೆ ನೇರಳೆ ಬಣ್ಣ ಕಂಡರೆ ತಲೆನೋವು ಬರುವ ಹಾಗಾಗಿತ್ತು. ಅಂಥ ಹೊತ್ತಿನಲ್ಲಿ ಮಳವಳ್ಳಿಯಿಂದ ಒಂದು ಮೆಸೇಜು ಬಂತು. 'ನಮ್ಮ ಮನೆ ಹಾಲ್ ಮಿಡ್-ಸೆಂಚುರಿ ಮಾಡರ್ನ್ ಸ್ಟೈಲಲ್ಲಿ ಮಾಡಿಕೊಡ್ತೀರಾ?' ಕೆಳಗೆ ಹೆಸರು, ಡಾ. ಮಹದೇವು.

ಮೆಸೇಜನ್ನು ನಾಲ್ಕು ಸಲ ಓದಿದೆ. ಸಾವಿರದ ಒಂಬೈನೂರ ಐವತ್ತು ಅರವತ್ತರ ಕಾಲದ ಸ್ಟೈಲು ಅದು. ಕೆತ್ತನೆ ಇಲ್ಲ, ಆಡಂಬರ ಇಲ್ಲ. ಕೆಳಗೆ ಹೋಗ್ತಾ ಹೋಗ್ತಾ ಸಣ್ಣಗಾಗುವ ತೆಳ್ಳನೆ ಕಾಲುಗಳು, ನೆಲಕ್ಕೆ ಹತ್ತಿರ ಇರುವ ಅಗಲವಾದ ಆಸನ, ಮರದ ಬಣ್ಣ ಮರದ್ದೇ. ಮಳವಳ್ಳಿಯಲ್ಲಿ ಇದನ್ನು ಕೇಳುವ ಗಂಡಸು ಇದ್ದಾನೆ ಅಂದರೆ ನನಗೆ ನಂಬಲಾಗಲಿಲ್ಲ. ಮಾರನೇ ದಿನ ತಿಂಡಿಯನ್ನೂ ತಿನ್ನದೆ ಪ್ರೈವೇಟ್ ಬಸ್ಸು ಹತ್ತಿದೆ.

ಗೇಟು ತೆಗೆದಾಗ ನಲ್ಲಿ ಹತ್ತಿರ ಒಬ್ಬ ಆಸಾಮಿ ಗಮ್‌ಬೂಟು ಹಾಕಿಕೊಂಡು ಬಗ್ಗಿ ನಿಂತಿದ್ದ. ಮೊಣಕೈವರೆಗೂ ಸೋಪಿನ ನೊರೆ. ತಲೆ ಎತ್ತದೆ ಕೇಳಿದ.

"ಎಷ್ಟು ಹೊತ್ತಿಂದ ಏನೂ ತಿಂದಿಲ್ಲ?"

ಇವನಿಗೆ ಹೇಗೆ ಗೊತ್ತಾಯಿತು ಅಂತ ನನಗೆ ಆಶ್ಚರ್ಯ. "ರಾತ್ರಿಯಿಂದ" ಅಂದೆ.

"ನೀರು ಕುಡಿದಿದ್ಯಾ?"

"ಬಸ್ಸಲ್ಲಿ ಸ್ವಲ್ಪ."

"ಬಸ್ಸಲ್ಲಾ?" ಅವನು ತಲೆ ಎತ್ತಿದ. "ಎಮ್ಮೇನ ಬಸ್ಸಲ್ಲಿ ಕರ್ಕೊಂಡು ಬಂದ್ರಾ?"

ಮೇವು ಬಿಟ್ಟ ಎಮ್ಮೆಯ ಬಗ್ಗೆ ಯಾರೋ ಬರುತ್ತೇನೆ ಅಂದಿದ್ದರಂತೆ. ಡಾಕ್ಟರು ಅಂದರೆ ದನದ ಡಾಕ್ಟರು. ನಾನು ಯಾರು ಅಂತ ಹೇಳಿದ ಮೇಲೆ ಆ ಮನುಷ್ಯನ ಮುಖ ನೋಡಬೇಕಿತ್ತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕೆನ್ನೆ. ನಗು ತಡೆಯಲು ತುಟಿ ಬಿಗಿದ, ಆಗಲಿಲ್ಲ. ಕಣ್ಣು ಆಗಲೇ ನಗುತ್ತಿತ್ತು. ಒದ್ದೆ ಕೈಯಲ್ಲೇ ನಮಸ್ಕಾರ ಮಾಡಿ, ನೊರೆಯನ್ನು ತನ್ನ ಮೂಗಿಗೇ ಬಳಿದುಕೊಂಡ.

"ಅವ್ವಾ, ಉಪ್ಪಿಟ್ಟು ಐತಾ? ಮೇಡಂ ರಾತ್ರಿಯಿಂದ ಮೇವು ತಿಂದಿಲ್ಲವಂತೆ" ಅಂತ ಒಳಗೆ ಕೂಗಿದ.

ಮೊದಲನೇ ಭೇಟಿಯಲ್ಲೇ ಇಷ್ಟು ಸಲುಗೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡೆ.

ಮನೆಯಲ್ಲಿ ಮೂರೇ ಜನ. ಮಹದೇವು, ಅವನ ಅವ್ವ ದೇವಿರಮ್ಮ, ಅಪ್ಪ ಕೆಂಪಸಿದ್ದಯ್ಯ. ಅಪ್ಪ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದು ರಿಟೈರ್ ಆದವರು. ಹಾಲ್‌ಗೆ ಯಾರೇ ಕಾಲಿಟ್ಟರೂ "ಮುಂದುಕ್ಕೆ ಓಗಿ, ಮುಂದೆ ಜಾಗ ಅದೆ" ಅನ್ನುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ದೊಡ್ಡ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋಗಳಿದ್ದವು. ನಮ್ಮ ಮನೆಯಲ್ಲೂ ಅವೇ ಎರಡು.

"ನಿಮ್ ಮಿಡ್ಡು ಸೆಂಚುರಿಯೋರು ಈ ಫೋಟೋನ ಕಿತ್ತಾಕ್ತಾರಾ?" ಅಂತ ದೇವಿರಮ್ಮ ನನ್ನನ್ನು ಪರೀಕ್ಷೆ ಮಾಡಿದರು.

"ಇಲ್ಲಮ್ಮ. ಆ ಗೋಡೆಗೆ ಅವೆರಡೇ. ಬೇರೆ ಏನೂ ಹಾಕಲ್ಲ."

"ಅಂಗಾದ್ರೆ ಮಾಡವ್ವ." ಆಮೇಲೆ ಮೂಲೆಗೆ ಕೈ ತೋರಿಸಿದರು. "ಆ ಕುರ್ಚಿನೂ ಆಚಿಗೆ ಆಕ್ಬೇಡ."

ಮೂಲೆಯಲ್ಲಿ ಬೀಟೆ ಮರದ ಒಂದು ಕೈಕುರ್ಚಿ. ಬೆನ್ನು ನೆಟ್ಟಗೆ, ಕಾಲು ದಪ್ಪ, ಬಹಳ ಎತ್ತರ. ಮನೆಯೊಳಗೆ ಒಂಟೆ ನಿಂತ ಹಾಗೆ ಕಾಣುತ್ತಿತ್ತು. ಆಚೆಗೆ ಹಾಕುವುದಿಲ್ಲ ಅಂತ ಮಾತು ಕೊಟ್ಟೆ. ಯಾಕೆ ಅಂತ ಕೇಳಲಿಲ್ಲ. ಇದೇ ನಾನು ಮಾಡಿದ ಮೊದಲನೇ ದಡ್ಡತನ.

ಕೆಲಸ ಆರು ವಾರ ನಡೆಯಿತು. ವಾರಕ್ಕೆ ಎರಡು ದಿನ ಸಾಕಿತ್ತು, ನಾನು ನಾಲ್ಕು ದಿನ ಹೋದೆ. ಗೋಡೆ ಬಣ್ಣ ಆರಿಸಲು ಕುಳಿತರೆ ಮಹದೇವು ಒಂದಕ್ಕೂ ಕಂಪನಿ ಇಟ್ಟ ಹೆಸರು ಹೇಳುತ್ತಿರಲಿಲ್ಲ.

"ಇದು ಗಿಣ್ಣಿನ ಬಣ್ಣ. ಇದು ಜರ್ಸಿ ಕರು. ಇದು ಹಳ್ಳಿಕಾರ್ ಹೋರಿ, ಮೂರು ವರ್ಷದ್ದು."

"ಡಾಕ್ಟ್ರೇ, ಇದು ಆಲಿವ್ ಗ್ರೀನ್."

"ಅದನ್ನ ನಾನು ಹೇಳಬಾರದು. ನೀವು ಮುಖ ಸಿಂಡರಿಸ್ತೀರಾ."

"ಹೇಳಿ ಪರವಾಗಿಲ್ಲ."

ಹೇಳಿದ. ನಾನು ಮುಖ ಸಿಂಡರಿಸಿದೆ. ಅವನು ಅದನ್ನೇ ಕಾಯುತ್ತಿದ್ದವನ ಹಾಗೆ, ಬಣ್ಣದ ಕಾರ್ಡಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ. ನಾನು ನೋಡಿದ ಕೂಡಲೇ ಕಾರ್ಡು ಮೇಲೆತ್ತಿ ಮುಖ ಮುಚ್ಚಿಕೊಂಡ, ಕಣ್ಣು ಮಾತ್ರ ಹೊರಗಿತ್ತು. ಗಿಣ್ಣಿನ ಬಣ್ಣವನ್ನೇ ಹೊಡೆಸಿದೆವು. ಸತ್ಯ ಹೇಳಬೇಕೆಂದರೆ ಅದೇ ಚೆನ್ನಾಗಿತ್ತು.

ಮರದ ಕೆಲಸ ಮದ್ದೂರಿನ ತಿಮ್ಮಯ್ಯನವರದು. ಸೋಫಾ, ನಾಲ್ಕು ಕುರ್ಚಿ, ಉದ್ದನೆಯ ಒಂದು ಗಿಡ್ಡ ಬೀರು, ಎಲ್ಲ ತೇಗದಲ್ಲಿ. ಒಂದು ದಿನ ಮರ ನೋಡುತ್ತೇನೆ ಅಂತ ಮಹದೇವೂ ಮದ್ದೂರಿಗೆ ಬಂದ. ಮರವನ್ನು ಎರಡು ನಿಮಿಷ ನೋಡಿದ, ವಡೆ ತಿನ್ನಲು ಮುಕ್ಕಾಲು ಗಂಟೆ ಹಿಡಿಯಿತು.

"ಹಾಲ್ ಮುಗಿದ ದಿನ ಅಪ್ಪನ ಹತ್ರ ಒಂದು ವಿಷಯ ಮಾತಾಡ್ಬೇಕು" ಅಂದ, ವಡೆಯನ್ನು ಮುರಿದು ಮುರಿದು ಪುಡಿ ಮಾಡುತ್ತಾ.

"ಯಾವ ವಿಷಯ?"

"ನಿಮ್ಮ ವಿಷಯ."

ನನಗೆ ಅರ್ಥವಾಗಿತ್ತು. ಆದರೂ ಬಿಟ್ಟುಕೊಡಲಿಲ್ಲ. "ನನ್ನ ಬಗ್ಗೆ ಏನಿದೆ ಮಾತಾಡೋಕೆ?"

"ಬಹಳ ಇದೆ." ಅವನ ದನಿ ಮೆತ್ತಗಾಯಿತು. "ಅಪ್ಪ ಒಪ್ಪಬೇಕು ಶಾಲಿನಿ. ಅವರ ಮನಸ್ಸು ನೋಯಿಸಿ ನಾನು ಇವತ್ತಿನವರೆಗೂ ಒಂದು ಕೆಲಸ ಮಾಡಿಲ್ಲ. ಮುಂದೇನೂ ಮಾಡೋಕಾಗಲ್ಲ."

"ಒಪ್ತಾರೆ ಬಿಡಿ" ಅಂದೆ. ಎಷ್ಟು ಧೈರ್ಯ ನೋಡಿ ನನಗೆ. ಅವತ್ತು ವಾಪಸ್ಸು ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಕಂಡ ಕಬ್ಬಿನ ಗದ್ದೆಗಳೆಲ್ಲ ನನಗೆ ಬಹಳ ಸುಂದರವಾಗಿ ಕಂಡವು. ದಿನಾ ನೋಡುವ ಗದ್ದೆಗಳೇ.

ಕೊನೆಯ ವಾರ ಕೆಂಪಸಿದ್ದಯ್ಯನವರು ದುದ್ದದ ಹತ್ತಿರ ತಮ್ಮ ಊರಿಗೆ ಗದ್ದೆ ನೋಡಲು ಹೋದರು. ಮೂರು ದಿನ ಬರುವುದಿಲ್ಲ. ಮಹದೇವುಗೆ ಕಾಲುಬಾಯಿ ರೋಗದ ಲಸಿಕೆ ಕ್ಯಾಂಪು. ಆಗ ನನ್ನ ತಲೆಗೆ ಆ ಹಾಳು ಐಡಿಯಾ ಬಂತು. ಆ ಒಂಟೆ ಕುರ್ಚಿಯನ್ನು ನಮ್ಮ ಸೆಟ್ಟಿಗೆ ಸೇರಿಸಿಬಿಟ್ಟರೆ? ಅಪ್ಪ ಬಂದು ನೋಡಿ ಖುಷಿಪಟ್ಟು, 'ಯಾರ್ಲಾ ಈ ಜಾಣೆ' ಅಂತ ಮಗನನ್ನು ಕೇಳಿದರೆ? ಅವನ ಕೆಲಸ ಅರ್ಧ ಸುಲಭ.

"ಪಾಲಿಶ್ ಮಾಡಿಸಿಕೊಂಡು ಬರ್ತೀನಿ ಅಮ್ಮ" ಅಂತ ದೇವಿರಮ್ಮನಿಗೆ ಅರ್ಧ ಸತ್ಯ ಹೇಳಿ ಕುರ್ಚಿಯನ್ನು ಮದ್ದೂರಿಗೆ ಸಾಗಿಸಿದೆ.

ತಿಮ್ಮಯ್ಯನವರು ಗರಗಸ ಹಿಡಿದುಕೊಂಡು ಒಂದು ಸಲ ಕೇಳಿದರು. "ಕುಯ್ದ್ಬುಡ್ಲಾ ಮೇಡಮ್ಮೋರೆ? ಆಮ್ಯಾಕೆ ಅಂಟ್ಸಕ್ಕಾಗಕಿಲ್ಲ."

"ಕುಯ್ಯಿರಿ. ನಾಲ್ಕು ಇಂಚು."

ಶುಕ್ರವಾರ ಮಧ್ಯಾಹ್ನ ಎಲ್ಲ ಜೋಡಿಸಿ ಆಯಿತು. ಹಾಲ್ ನೋಡಿ ನನಗೇ ಅಳು ಬರುವಷ್ಟು ಸಂತೋಷ. ಮಹದೇವು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ. ಆಮೇಲೆ ಅವನ ಕಣ್ಣು ಕುರ್ಚಿಯ ಮೇಲೆ ನಿಂತಿತು, ಮುಖ ಬಿಳಿಚಿಕೊಂಡಿತು. ಬಾಯಿ ತೆರೆಯುವಷ್ಟರಲ್ಲಿ ಕೆಂಪಸಿದ್ದಯ್ಯನವರು ಊರಿಂದ ಬಂದೇಬಿಟ್ಟರು.

ಅವರು ಸುತ್ತ ನೋಡಿ ತಲೆದೂಗಿದರು. "ಚೆನ್ನಾಗದೆ ಕಣವ್ವ" ಅಂದರು. ನೇರವಾಗಿ ತಮ್ಮ ಕುರ್ಚಿಗೆ ಹೋಗಿ, ಹಿಂದೆ ನೋಡದೆ, ನಲವತ್ತು ವರ್ಷದ ಅಭ್ಯಾಸದಲ್ಲಿ ಕುಳಿತರು. ಕುರ್ಚಿ ಸಿಗಬೇಕಾದ ಜಾಗದಲ್ಲಿ ಸಿಗಲಿಲ್ಲ. ದಡಕ್ಕನೆ ಕೆಳಗೆ ಕುಸಿದರು. ಮೊಣಕಾಲು ಮೇಲೆದ್ದವು. ಬಗ್ಗಿ ಕುರ್ಚಿಯ ಕಾಲು ಮುಟ್ಟಿ ನೋಡಿದರು. ಕುಯ್ದ ಜಾಗವನ್ನು ಬೆರಳಿನಿಂದ ಸವರಿದರು.

ಬೈಯಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ನಿಂತುಕೊಂಡರು. ದೇವಿರಮ್ಮ ಕಾಫಿ ಕೊಟ್ಟರು, ನಿಂತೇ ಕುಡಿದರು.

"ಕುಂತ್ಕೊಳ್ಳಿ ಅಂಕಲ್" ಅಂದೆ, ಏನಾಯಿತೆಂದು ತಿಳಿಯದೆ.

"ಮೂವತ್ತೆರಡು ವರ್ಸ ನಿಂತ್ಕಂಡೇ ಕೆಲ್ಸ ಮಾಡಿವ್ನಿ ಬುಡವ್ವ. ನಿಂತ್ಕಳದು ನಂಗೇನ್ ಒಸದಲ್ಲ."

ಮಹದೇವು ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ. ಬಸ್ಸು ಕಾಯುತ್ತಾ ನಿಂತಾಗ ಹೇಳಿದ. ಅವನ ಅಜ್ಜ ಊರಿನ ಪಟೇಲರ ಮನೆಯಿಂದ ಕರೆ ಬಂದಾಗಲೆಲ್ಲ ಹೋಗಿ ಜಗಲಿಯ ಕೆಳಗೆ, ಮಣ್ಣಿನಲ್ಲಿ ಕೂರುತ್ತಿದ್ದರಂತೆ. ಪಕ್ಕದಲ್ಲಿ ಮಗ ಕೆಂಪಸಿದ್ದಯ್ಯ. ಜಗಲಿ ಮೇಲಿದ್ದವರ ಪಾದ ಮಾತ್ರ ಕಾಣುತ್ತಿತ್ತಂತೆ. ಕಂಡಕ್ಟರ್ ಕೆಲಸ ಸಿಕ್ಕಿದ ಮೊದಲ ಸಂಬಳದಲ್ಲಿ ಕೆಂಪಸಿದ್ದಯ್ಯ ಈ ಕುರ್ಚಿ ಮಾಡಿಸಿ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಊರಿಗೆ ತಂದರು. ಆಚಾರಿಗೆ ಹೇಳಿದ್ದು ಒಂದೇ ಮಾತು, 'ನಮ್ಮಪ್ಪ ಕುಂತ್ರೆ ಬೀದಿಗೆ ಕಾಣ್ಬೇಕು.' ಅಜ್ಜ ಮೂರು ದಿನ ಅದರ ಹತ್ತಿರವೂ ಸುಳಿಯಲಿಲ್ಲ. ನಾಲ್ಕನೇ ದಿನ ಕುಳಿತರು. ಕುಳ್ಳಗಿದ್ದ ಮನುಷ್ಯ, ಕಾಲು ನೆಲಕ್ಕೆ ಎಟುಕದೆ ನೇತಾಡುತ್ತಿತ್ತಂತೆ. ಆ ಕಾಲು ಆಡಿಸಿಕೊಂಡು ನಕ್ಕರಂತೆ.

"ನೀವು ಒಂದು ಮಾತು ಕೇಳಬಹುದಿತ್ತು" ಅಂದ ಮಹದೇವು.

"ನೀವು ಒಂದು ಮಾತು ಹೇಳಬಹುದಿತ್ತು."

"ಮನೇಲಿ ಎಲ್ಲರಿಗೂ ಗೊತ್ತಿರೋದನ್ನ ಯಾರು ಹೇಳ್ತಾರೆ?" "ಈಗ ಯಾವ ಮುಖ ಇಟ್ಕೊಂಡು ಅಪ್ಪನ ಹತ್ರ ನಿಮ್ಮ ಮಾತು ತೆಗೀಲಿ?"

ಬಸ್ಸು ಬಂತು. ಹತ್ತಿದೆ. ಮಂಡ್ಯದವರೆಗೂ ಅತ್ತೆ. ಪಕ್ಕದ ಸೀಟಿನ ಹೆಂಗಸು ಬಾಳೆಹಣ್ಣು ಕೊಟ್ಟು, "ಯಾರಾದ್ರೂ ಓಗ್ಬುಟ್ರಾ ಮಗ?" ಅಂದರು. ಇನ್ನೂ ಇಲ್ಲ, ಆದರೆ ಹೋಗಬಹುದು ಅಂತ ಹೇಳೋಣವೆನಿಸಿತು.

ನನಗೆ ಹೆಚ್ಚು ಚುಚ್ಚಿದ್ದು ಬೇರೆ. ಬೇರೆ ಯಾರೋ ಮಾಡಿದ್ದರೆ ಗೊತ್ತಿರಲಿಲ್ಲ ಅನ್ನಬಹುದಿತ್ತು. ನಾನೂ ಅದೇ ಜನ, ನನ್ನ ಅಜ್ಜನೂ ಅಂಥದೇ ಊರಿನವನು. ಆದರೆ ನಮ್ಮಪ್ಪ ಬ್ಯಾಂಕಿನ ನೌಕರ, ನಾನು ಮಂಡ್ಯದ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಎತ್ತರದ ಕುರ್ಚಿ ನನಗೆ ಬರೀ ಪ್ರಪೋರ್ಶನ್ ಸರಿ ಇಲ್ಲದ ಕುರ್ಚಿಯಾಗಿತ್ತು.

ಅತ್ತು ಸಾಕಾಯಿತು. ಶನಿವಾರ ಬೆಳಿಗ್ಗೆ ಮದ್ದೂರಿಗೆ ಓಡಿದೆ. ಕುಯ್ದ ತುಂಡುಗಳು ಎಲ್ಲಿ ಅಂತ ಕೇಳಿದರೆ, ತಿಮ್ಮಯ್ಯನವರ ಹೆಂಡತಿ ಅವನ್ನೇ ಒಲೆಗೆ ಹಾಕಿ ನೀರು ಕಾಯಿಸಿ ಸ್ನಾನ ಮಾಡಿಯೂ ಆಗಿತ್ತು.

"ಅಂಟ್ಸಕ್ಕಾಗಕಿಲ್ಲ ಅಂತ ಅವತ್ತೇ ಯೋಳ್ದೆ" ಅಂದರು ತಿಮ್ಮಯ್ಯ.

"ಅಂಟಿಸೋದು ಬೇಡ. ತೊಡಿಸೋಣ."

ಈ ಸ್ಟೈಲಿನಲ್ಲಿ ಕುರ್ಚಿಯ ಕಾಲಿಗೆ ಹಿತ್ತಾಳೆಯ ಬಳೆ ತೊಡಿಸುವ ರೂಢಿ ಉಂಟು. ಅದನ್ನೇ ದೊಡ್ಡದು ಮಾಡಿದೆವು. ಬೀಟೆ ಮರದಲ್ಲಿ ನಾಲ್ಕು ಹೊಸ ಪಾದ, ಕೆಳಕ್ಕೆ ಸಣ್ಣಗಾಗುವಂಥವು. ಹಳೇ ಕಾಲು ಹೊಸ ಪಾದ ಸೇರುವ ಜಾಗಕ್ಕೆ ಬಿಗಿಯಾದ ಹಿತ್ತಾಳೆ ಬಳೆ. ಮೂರು ದಿನ ನಾನೇ ಉಪ್ಪುಕಾಗದ ಹಿಡಿದು ತಿಕ್ಕಿದೆ, ಬೆರಳು ಸುಲಿದವು. ಮಹದೇವು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಫೋನನ್ನು ಮಾತ್ರ ಗಂಟೆಗೆ ಹತ್ತು ಸಲ ತಿರುಗಿಸಿ ನೋಡಿದೆ.

ಮಂಗಳವಾರ ತಿಮ್ಮಯ್ಯನವರ ಜೊತೆ ಮಳವಳ್ಳಿಗೆ ಹೋದೆ. ಪಾದಗಳು ಪೇಪರಿನಲ್ಲಿ ಸುತ್ತಿ ಮಡಿಲಲ್ಲಿದ್ದವು. ಕೆಂಪಸಿದ್ದಯ್ಯನವರು ಬಾಗಿಲಲ್ಲೇ ನಿಂತಿದ್ದರು. ಹಾಲ್‌ನಲ್ಲಿ ಮಹದೇವು ಇದ್ದ. ಗಡ್ಡ ಬಿಟ್ಟಿದ್ದ. ನನ್ನನ್ನು ನೋಡಿ ಅರ್ಧ ಎದ್ದ, ಮತ್ತೆ ಕುಳಿತ, ಮತ್ತೆ ಎದ್ದ.

ನಾನು ಯಾರ ಹತ್ತಿರವೂ ಮಾತಾಡದೆ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು ಅಳತೆ ಹಿಡಿದೆ.

"ಮ್ಯಾಲಕ್ಕೇಳವ್ವ." ಕೆಂಪಸಿದ್ದಯ್ಯನವರ ದನಿ ಗಟ್ಟಿಯಾಗಿತ್ತು. "ನನ್ ಮುಂದೆ ಯಾರೂ ನೆಲದ ಮ್ಯಾಲೆ ಕುಂತ್ಕಬಾರ್ದು."

ನಾನು ಎದ್ದು ನಿಂತೆ. ಕಣ್ಣಲ್ಲಿ ನೀರು ತುಂಬಿತ್ತು. "ನನಗೆ ಗೊತ್ತಿರಲಿಲ್ಲ ಅಂಕಲ್. ನಮ್ಮಪ್ಪ ಇಂಥದ್ದು ಒಂದೂ ಹೇಳಿಲ್ಲ. ನಾನು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾಯ್ತು."

ಅವರು ಸ್ವಲ್ಪ ಹೊತ್ತು ನನ್ನ ಸುಲಿದ ಬೆರಳನ್ನೇ ನೋಡಿದರು.

"ನಿಮ್ಗೆಲ್ಲ ಗೊತ್ತಾಗ್ದೇ ಇರ್ಲಿ ಅಂತ್ಲೇ ಅಲ್ವಾ ತಾಯಿ, ನಿಮ್ಮಪ್ಪನೂ ನಾನೂ ದುಡ್ದಿದ್ದು" ಅಂದರು. "ಗೊತ್ತಿಲ್ಲ ಅಂತ ನೀನು ಅಳದು ಯಾಕೆ? ಅಳ್ಬೇಡ ಸುಮ್ಕಿರು."

ಅದನ್ನು ಕೇಳಿ ನಾನು ಇನ್ನೂ ಜಾಸ್ತಿ ಅತ್ತೆ. ದೇವಿರಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು.

ತಿಮ್ಮಯ್ಯನವರು ಪಾದ ತೊಡಿಸಿ, ಬಳೆ ಬಿಗಿದು, ಅಲುಗಾಡಿಸಿ ನೋಡಿದರು. ಮೊದಲಿಗಿಂತ ಅರ್ಧ ಇಂಚು ಎತ್ತರವೇ ಇತ್ತು, ಅದು ನನ್ನ ದಂಡ. ಕೆಂಪಸಿದ್ದಯ್ಯನವರು ಕುಳಿತರು. ಕೈ ಚಾಚಿ ಕುರ್ಚಿಯ ಎರಡು ತೋಳನ್ನೂ ಸವರಿದರು. "ನೀವೂ ಕುಂತ್ಕಳಿ" ಅಂದರು. ನಾವೆಲ್ಲ ನನ್ನ ಸುಂದರವಾದ, ಗಿಡ್ಡನೆಯ ಕುರ್ಚಿಗಳಲ್ಲಿ ಕುಳಿತೆವು.

ಅವರು ನಮ್ಮನ್ನೆಲ್ಲ ಮೇಲಿನಿಂದ ಒಂದು ಸಲ ನೋಡಿದರು. ಮುಖ ಗಂಟಿಕ್ಕಿತು. ಎದ್ದುಬಿಟ್ಟರು.

"ಇದು ಸರಿ ಇಲ್ಲ."

ನನ್ನ ಜೀವ ಬಾಯಿಗೆ ಬಂತು.

"ನಾನು ಇಲ್ಲಿ ಮ್ಯಾಲೆ, ನೀವೆಲ್ಲ ಅಲ್ಲಿ ಕೆಳುಗೆ. ಇಂಗೆ ಕುಂತ್ರೆ ನಾನೇ ಪಟೇಲ ಆದಂಗಾಯ್ತದೆ. ಎಲ್ಲಾವ್ನೂ ಒಂದೇ ಎತ್ತರ ಮಾಡವ್ವ."

"ಅಂಕಲ್, ಈ ಸ್ಟೈಲಲ್ಲಿ ಗಿಡ್ಡ ಇರಬೇಕು. ಇಪ್ಪತ್ತು ಇಂಚು ಆದ್ರೆ ಸೋಫಾ ಬೆಂಚಾಗುತ್ತೆ." ಕಣ್ಣಿನ ನೀರು ಆರಿರಲಿಲ್ಲ, ಆಗಲೇ ವಾದಕ್ಕೆ ನಿಂತಿದ್ದೆ.

"ಎಷ್ಟಾದ್ರೆ ಆಯ್ತದೆ?"

"ಹದಿನಾರು."

"ಹದಿನೆಂಟು. ನಂದ್ರಲ್ಲೂ ಎರಡು ಇಂಚು ತಗಿ. ಈ ಸಲ ನಾನೇ ಒಪ್ಕೊಂಡು ತಗಸ್ತಾ ಇವ್ನಿ, ಓಗ್ಲಿ." ತಿಮ್ಮಯ್ಯನವರು ಹಣೆ ಚಚ್ಚಿಕೊಂಡರು. ಕೆಂಪಸಿದ್ದಯ್ಯನವರು ಅವರ ಕಡೆ ನೋಡಲೇ ಇಲ್ಲ. "ಅದ್ಸರಿ, ನಿಮ್ಮಪ್ಪ ಎಷ್ಟು ಎತ್ತರ ಅವ್ರೆ?"

"ನಮ್ಮಪ್ಪನಾ? ಐದಡಿ ಐದಿಂಚು. ಯಾಕೆ ಅಂಕಲ್?"

"ಬಂದು ಕುಂತ್ಕಂಡ್ರೆ ಕಾಲು ನೆಲಕ್ಕೆ ತಾಗ್ಬೇಕಲ್ಲವ್ವ. ಭಾನುವಾರ ಕರ್ಕಂಬಾ."

ಮಹದೇವು ನೀರು ಕುಡಿಯುತ್ತಿದ್ದವನು ಕೆಮ್ಮಿ ಕೆಮ್ಮಿ ಸುಸ್ತಾದ. "ಅಪ್ಪಾ, ನಿಮಗೆ ಯಾರು ಹೇಳಿದ್ದು?"

"ಯಾರ್ಲಾ ಯೋಳ್ಬೇಕು? ಮೂವತ್ತೆರಡು ವರ್ಸ ಬಸ್ಸಲ್ಲಿ ಇದ್ನೇ ನೋಡಿವ್ನಿ. ಒಬ್ರು ಮುಂದಿನ್ ಸೀಟು, ಒಬ್ರು ಇಂದಿನ್ ಸೀಟು, ಗುರ್ತೇ ಇಲ್ಲ ಅನ್ನೋ ಅಂಗೆ ಕುಂತಿರ್ತಾರೆ. ಇಳಿಯ ಸ್ಟಾಪು ಮಾತ್ರ ಒಂದೇ." ದೇವಿರಮ್ಮನ ಕಡೆ ತಿರುಗಿದರು. "ಬಾಮ್ಮಿ, ಕಾಫಿ ಕಾಯ್ಸು ಓಗು. ಬಾ ತಿಮ್ಮಯ್ಯ, ನೀನು ಆಚೆ ಕುಂತ್ಕೊ."

ಹಾಲ್‌ನಲ್ಲಿ ನಾವಿಬ್ಬರೇ ಉಳಿದೆವು. ಕಿಟಕಿಯ ಬಿಸಿಲು ಗಿಣ್ಣಿನ ಬಣ್ಣದ ಗೋಡೆಯ ಮೇಲೆ ಬಿದ್ದಿತ್ತು. ಮಹದೇವು ಎದುರಿನ ಕುರ್ಚಿಯ ತುದಿಯಲ್ಲಿ ಕುಳಿತಿದ್ದ, ನನ್ನ ಕೈ ನೋಡುತ್ತಾ.

"ಅಪ್ಪ ಕೇಳಿಬಿಟ್ರು. ನಾನೇ ಇನ್ನೂ ಕೇಳಿಲ್ಲ."

"ಕೇಳೋ ಹಾಗಿದ್ರೆ ಬೇಗ ಕೇಳಿ, ಕಾಫಿ ಬಂದುಬಿಡುತ್ತೆ."

"ಬಸ್‌ಸ್ಟ್ಯಾಂಡಲ್ಲಿ ನಾನು ಹಾಗೆ ಮಾತಾಡಬಾರದಿತ್ತು. ನಾಲ್ಕು ದಿನ ನಿದ್ದೆ ಮಾಡಿಲ್ಲ. ಫೋನ್ ಮಾಡೋಕೆ ಭಯ ಆಯ್ತು."

"ಇದು ಪ್ರಶ್ನೆ ಅಲ್ಲ ಡಾಕ್ಟ್ರೇ."

ಅವನು ನಕ್ಕ. ನಗು ನಿಂತ ಮೇಲೂ ಕಣ್ಣು ತೆಗೆಯಲಿಲ್ಲ. ಈ ಸಲ ಮುಖ ಮುಚ್ಚಿಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ, ಅವನಿಗೆ ಬೇಕೂ ಇರಲಿಲ್ಲ.

"ಶಾಲಿನಿ, ನನ್ನ ಮದುವೆ ಆಗ್ತೀಯಾ?"

ಆರು ವಾರ 'ನೀವು' ಅಂದವನ ಬಾಯಲ್ಲಿ ಮೊದಲ ಸಲ ಏಕವಚನ. ಮೈಯೆಲ್ಲ ಬೆಚ್ಚಗಾಯಿತು. "ಆಗ್ತೀನಿ" ಅಂದೆ. ಅಷ್ಟು ಬೇಗ ಹೇಳಬಾರದಿತ್ತು, ಸ್ವಲ್ಪ ಸತಾಯಿಸಬೇಕಿತ್ತು ಅಂತ ಆಮೇಲೆ ಅನಿಸಿತು. ಆದರೆ ಹೇಳಿ ಆಗಿತ್ತು, ಅವನು ನನ್ನ ಸುಲಿದ ಬೆರಳುಗಳನ್ನು ತನ್ನ ಎರಡು ಕೈಯಲ್ಲೂ ಹಿಡಿದುಕೊಂಡಿದ್ದ.

ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದೆ. ಎಲ್ಲ ಕುರ್ಚಿಯೂ ಹದಿನೆಂಟು ಇಂಚಿಗೆ ಬಂದಿತ್ತು. ಅಪ್ಪ ಸೋಫಾದಲ್ಲಿ ಕುಳಿತು, ಬ್ಯಾಂಕಿನವರ ಗತ್ತಿನಲ್ಲಿ ಸುತ್ತ ನೋಡಿ, ಬೀಟೆ ಕುರ್ಚಿಯ ಬಗ್ಗೆ ಕೇಳಿದರು. ಕೆಂಪಸಿದ್ದಯ್ಯನವರು ಹೇಳಿದರು. ಜಗಲಿ, ಮಣ್ಣು, ಬಸ್ಸಿನ ಟಾಪು, ನೇತಾಡಿದ ಕಾಲು, ಎಲ್ಲವನ್ನೂ.

ಅಪ್ಪ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ನಮ್ಮಪ್ಪನೂ ಹಂಗೇ ಕೂತಿದ್ದು" ಅಂದರು ಕೊನೆಗೆ. ನನ್ನ ಕಡೆ ನೋಡಲಿಲ್ಲ. "ನನಗೂ ಸಂಬಳ ಬಂತು. ಅಪ್ಪಂಗೆ ಪಂಚೆ ತಂದೆ, ಕಂಬಳಿ ತಂದೆ. ಒಂದು ಕುರ್ಚಿ ತಂದುಕೊಡಬೇಕು ಅಂತ ಹೊಳೀಲೇ ಇಲ್ಲ ನನಗೆ."

ಕೆಂಪಸಿದ್ದಯ್ಯನವರು ತಮ್ಮ ಕುರ್ಚಿಯಿಂದ ಎದ್ದರು. ಅಪ್ಪನ ತೋಳು ಹಿಡಿದು ಎಬ್ಬಿಸಿದರು.

"ಬನ್ನಿ ಬೀಗ್ರೇ, ಇದ್ರಲ್ಲಿ ಕುಂತ್ಕಳಿ" ಅಂದರು.

ಮದುವೆಯ ಮಾತನ್ನು ಇನ್ನೂ ಯಾರೂ ತೆಗೆದೇ ಇರಲಿಲ್ಲ. ಮಹದೇವು ನನ್ನನ್ನು ನೋಡಿದ, ನಾನು ಅಮ್ಮನನ್ನು ನೋಡಿದೆ. ಅಪ್ಪ ಹೋಗಿ ಆ ಕುರ್ಚಿಯಲ್ಲಿ ಕುಳಿತರು.